ತುಮಕೂರು ಕೋರ್ಟ್ ಹತ್ತಿರದ ವಕೀಲರ ಆಫೀಸು: ಕೆಲಸ ಅಚ್ಚುಕಟ್ಟು, ಕಾಯೋದು ಜಾಸ್ತಿ

ಸೂಪರ್‌ವೈಸರ್ ಕಿರುಕುಳದ ಬಗ್ಗೆ ದೂರು ಕೊಟ್ಟಿದ್ದಕ್ಕೆ ಫ್ಯಾಕ್ಟರಿಯವರು ನನ್ನನ್ನು ಪ್ರೊಡಕ್ಷನ್ ಲೈನಿನಿಂದ ತೆಗೆದು ಗೋಡೌನಿಗೆ ಹಾಕಿದರು. ಈ ವಕೀಲ ಮೇಡಂ ನನ್ನ ಗೋಳನ್ನು ಅರ್ಧಕ್ಕೇ ನಿಲ್ಲಿಸಿ, "ದೂರು ಕೊಟ್ಟ ತಾರೀಖು ಯಾವುದಮ್ಮ? ಗೋಡೌನಿಗೆ ಹಾಕಿದ್ದು?" ಎಂದು ಕೇಳಿ, ಎರಡನ್ನೂ ಅಕ್ಕಪಕ್ಕ ಬರೆದುಕೊಂಡರು. ದೂರಿಗೆ ಮುಂಚಿನ ಹಾಜರಿ, ಇನ್ಸೆಂಟಿವ್ ಚೀಟಿ ಎಲ್ಲ ತರಿಸಿದರು. 'ಇವಳ ಕೆಲಸ ಸರಿಯಿಲ್ಲ' ಅನ್ನೋ ನೆಪ ಆಮೇಲೆ ನಿಲ್ಲೋದು ಕಷ್ಟ ಅಲ್ವಾ! ವಾಟ್ಸಾಪ್ ಮೆಸೇಜು ಸುಮ್ನೆ ಪ್ರಿಂಟ್ ಹಾಕಿ ಕೊಟ್ಟರೆ ಸಾಲದಂತೆ. 2023ರ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ, ಅದನ್ನು ಯಾವ ಫೋನಿನಿಂದ ಹೇಗೆ ತೆಗೆದದ್ದು ಅನ್ನೋ ಸರ್ಟಿಫಿಕೇಟ್ ಬೇಕು. ಅದಕ್ಕೇ ಮೆಸೇಜು ಇರೋ ಹಳೇ ಫೋನ್ ಮಾರಬೇಡ ಎಂದರು. ಲೈಂಗಿಕ ಕಿರುಕುಳದ ದೂರು ಕೊಡೋಕೆ ಸಾಮಾನ್ಯವಾಗಿ ಘಟನೆಯಿಂದ 3 ತಿಂಗಳ ಗಡುವು, ನೆನಪಿರಲಿ. ಫೀಸು ಮೊದಲೇ ಹೇಳುತ್ತಾರೆ, ರಸೀದಿಯನ್ನೂ ಕೊಡುತ್ತಾರೆ. ಸಂಜೆ ಹೋದರೆ ಮಾತ್ರ ಮೆಟ್ಟಿಲ ಮೇಲೆ ಕೂರಬೇಕು, ಇರೋದೇ ಎರಡು ಕುರ್ಚಿ.