ಮೊದಲ ಪಾಠ ಮಾಂಟ್ರಿಯಲ್ಲೋ, ಪ್ಯಾರಿಸ್ಸೋ?

ಕಲಬುರಗಿಯಲ್ಲಿ ಎಂ.ಎ. ಮಕ್ಕಳಿಗೆ ಜಾಗತಿಕ ಪರಿಸರ ರಾಜಕೀಯ ಹೇಳಿಕೊಡಲು ಹೊರಟಿದ್ದೀರಾ? ಯಾವ ಒಪ್ಪಂದದಿಂದ ಶುರು ಮಾಡಬೇಕು ಅನ್ನೋದೇ ಮೊದಲ ತಲೆನೋವು.

1987ರ ಮಾಂಟ್ರಿಯಲ್ ಒಪ್ಪಂದ ಕಥೆಯ ಹಾಗೆ ಓಡುತ್ತದೆ. ಹಳೆಯ ಫ್ರಿಜ್, ಎಸಿಗಳ ಸಿಎಫ್‌ಸಿ ಅನಿಲ ಓಝೋನ್ ಪದರವನ್ನು ತಿನ್ನುತ್ತಿತ್ತು; ಆ ಅನಿಲವನ್ನು ಹಂತ ಹಂತವಾಗಿ ಕಡಿಮೆ ಮಾಡೋದೇ ಒಪ್ಪಂದ. ಅದನ್ನು ತಯಾರಿಸುವ ಕಂಪನಿಗಳು ಕೆಲವೇ. ಬದಲಿ ಅನಿಲವೂ ಸಿಕ್ಕಿತು. ಆದರೂ ಭಾರತ ತಕ್ಷಣ ಸೇರಲಿಲ್ಲ. ಕೆಡಿಸಿದವರು ಶ್ರೀಮಂತರು, ಖರ್ಚು ಮಾತ್ರ ನಮ್ಮದಾ ಅನ್ನೋದು ತಕರಾರು. 1990ರಲ್ಲಿ ಲಂಡನ್ನಿನಲ್ಲಿ ಬಡ ದೇಶಗಳಿಗಾಗಿ ನಿಧಿ ಒಪ್ಪಿಗೆಯಾಯಿತು. 1992ರಲ್ಲಿ ಭಾರತ ಸೇರಿತು. ಈ ಒಂದು ಜಗಳ ಬಿಡಿಸಿ ಹೇಳಿ ಸಾಕು, ಅರ್ಧ ಪಠ್ಯ ಅಲ್ಲೇ ಇದೆ.

ಭೂಮಿ ಬಿಸಿಯಾಗುವುದನ್ನು ತಡೆಯಲು ಬಂದ 2015ರ ಪ್ಯಾರಿಸ್ ಒಪ್ಪಂದ ಹಾಗಲ್ಲ. ಪ್ರತಿ ದೇಶ ತನ್ನ ಗುರಿ ತಾನೇ ಬರೆದುಕೊಳ್ಳುತ್ತದೆ, ತಪ್ಪಿದರೆ ದಂಡವಿಲ್ಲ. ಸುಮ್ನೆ ಓದಿಸಿದರೆ ತೂಕಡಿಕೆ ಗ್ಯಾರಂಟಿ. ಚರ್ಚೆಗೆ ಬಿಟ್ಟರೆ ಮಾತ್ರ ಕ್ಲಾಸು ಬಿಸಿಯಾಗುತ್ತದೆ. ಮಳೆ ಕೈಕೊಟ್ಟರೆ ತೊಗರಿ ಒಣಗುವ ಮನೆಗಳಿಂದ ಬಂದವರಲ್ವಾ! 2070ಕ್ಕೆ ಭಾರತ ನಿವ್ವಳ ಶೂನ್ಯ (ಬಿಡುವಷ್ಟು ಇಂಗಾಲವನ್ನು ಹೀರಿಕೊಳ್ಳುವ ಸ್ಥಿತಿ) ತಲುಪುವ ಗುರಿ ಇಟ್ಟಿದೆ ಅಂದರೆ, ಆಗ ತಮಗೆಷ್ಟು ವಯಸ್ಸು ಎಂದು ಲೆಕ್ಕ ಹಾಕುತ್ತಾರೆ.

ಇಡೀ ಸೆಮಿಸ್ಟರ್ ಇದ್ದರೆ ನನ್ನ ಓಟು ಮಾಂಟ್ರಿಯಲ್‌ಗೆ. ನಾಲ್ಕೇ ತರಗತಿ ಅಂದರೆ ನೇರ ಪ್ಯಾರಿಸ್‌ಗೆ ಹೋಗಿ. ಎರಡಕ್ಕೂ ಸೇತುವೆ ಬೇಕಾದರೆ ಮಾಂಟ್ರಿಯಲ್ ಒಪ್ಪಂದಕ್ಕೇ ತಂದ 2016ರ ಕಿಗಾಲಿ ತಿದ್ದುಪಡಿ ಇದೆ: ಓಝೋನ್ ಉಳಿಸಲು ತಂದ ಎಚ್‌ಎಫ್‌ಸಿ ಅನಿಲವೇ ಭೂಮಿಯನ್ನು ಕಾಯಿಸುತ್ತಿತ್ತು, ಅದನ್ನೂ ಕಡಿಮೆ ಮಾಡೋಣ ಅಂತ ಒಪ್ಪಿದ್ದು ಅಲ್ಲಿ. ಮೇ ತಿಂಗಳಲ್ಲಿ ಎಸಿ ಅಂಗಡಿ ಮುಂದೆ ನಿಂತೇ ಈ ಪಾಠ ಮಾಡಬಹುದು.