ಆಫರ್‌ನಲ್ಲಿ ಸಿಕ್ಕ ಮಡಚುವ ಲ್ಯಾಪ್‌ಟಾಪ್, ಸಾದಾ ಲ್ಯಾಪ್‌ಟಾಪ್: ಬಳಸಿ ನೋಡಿದ ಹೋಲಿಕೆ

ಬಳ್ಳಾರಿಯಲ್ಲಿ ನಾನು ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಸಿರುಗುಪ್ಪ, ಕುರುಗೋಡು ಕಡೆಯ ಮಕ್ಕಳು ಸಂಜೆ ಬಂದು ಹೋಗುವುದು ಕಷ್ಟ, ಅವರಿಗೆ ಆನ್‌ಲೈನ್ ಕ್ಲಾಸ್. ಗಣಿತ ಬರೀ ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ಒಂದೊಂದೇ ಹೆಜ್ಜೆ ಬರೆದು ತೋರಿಸಬೇಕು. ಹಾಗಾಗಿ ಪರದೆ ಮೇಲೆ ಪೆನ್ನಲ್ಲಿ ಬರೆಯುವ ಅನುಕೂಲಕ್ಕೆ ನಾನು ದುಡ್ಡು ಕೊಡಲು ತಯಾರಿದ್ದೇನೆ. ಎಷ್ಟು ಕೊಡಬಹುದು ಅನ್ನುವುದೇ ಪ್ರಶ್ನೆ.

ಮೊದಲನೆಯದು, ಹಬ್ಬದ ಆಫರ್‌ನಲ್ಲಿ 20,000 ರೂಪಾಯಿ ಒಳಗೆ ಬಂದ 11.6 ಇಂಚಿನ ಕನ್ವರ್ಟಿಬಲ್, ಅಂದರೆ ಪರದೆ ಮಡಚುವ ಲ್ಯಾಪ್‌ಟಾಪ್. ಇಂಟೆಲ್ ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್ (ಅಗ್ಗದ, ನಿಧಾನದ ಬಗೆ). ಎರಡನೆಯದು, 35,000 ರೂಪಾಯಿ ಹತ್ತಿರದ 15.6 ಇಂಚಿನ ಸಾದಾ ಲ್ಯಾಪ್‌ಟಾಪ್. ಕೋರ್ ಐ3-1215ಯು, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ (ಇಎಂಎಂಸಿಗಿಂತ ವೇಗದ ಸ್ಟೋರೇಜ್). ಇದಕ್ಕೆ ಯುಎಸ್‌ಬಿಯಲ್ಲಿ ಸಿಕ್ಕಿಸುವ ಪೆನ್ ಟ್ಯಾಬ್ಲೆಟ್ (ಮೇಲೆ ಪೆನ್ನಲ್ಲಿ ಬರೆದದ್ದು ಲ್ಯಾಪ್‌ಟಾಪ್ ಪರದೆಯಲ್ಲಿ ಮೂಡುವ ಹಲಗೆ) ಒಂದನ್ನು 3,000 ರೂಪಾಯಿ ಒಳಗೆ ತಗೊಂಡೆ.

ಕನ್ವರ್ಟಿಬಲ್‌ನ ಸುಖ ನಿಜವಾದದ್ದು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಕೀಬೋರ್ಡ್ ತಾನೇ ಆಫ್ ಆಗುತ್ತದೆ. ಮೇಜಿನ ಮೇಲೆ ಇಟ್ಟುಕೊಂಡು ನೋಟ್‌ಬುಕ್ಕಲ್ಲಿ ಬರೆದಂತೆ ಬರೆಯಬಹುದು. ಪೆನ್ನಿನ ತುದಿ ಎಲ್ಲಿದೆಯೋ ಗೆರೆಯೂ ಅಲ್ಲೇ. ಒಳಗೆ ಫ್ಯಾನ್ ಇಲ್ಲದ್ದರಿಂದ ಮೈಕ್‌ನಲ್ಲಿ ಗುಂಯ್ ಅನ್ನುವ ಸದ್ದೂ ಇಲ್ಲ. ಬರೀ ನೋಟ್ಸ್ ಬರೆಯುವಾಗ ಇದಕ್ಕಿಂತ ಹಿತವಾದದ್ದು ಬೇರೆ ಇಲ್ಲ ಅನ್ನಿಸುತ್ತದೆ.

ಕ್ಲಾಸ್ ಶುರುವಾದ ಮೇಲೆ ಕಥೆಯೇ ಬೇರೆ. ಗೂಗಲ್ ಮೀಟ್ ತೆರೆದು, ಸ್ಕ್ರೀನ್ ಶೇರ್ ಕೊಟ್ಟು, ಇಂಟಿಗ್ರಲ್ ಚಿಹ್ನೆ ಎಳೆಯುತ್ತೇನೆ ಅಂದುಕೊಳ್ಳಿ. ನನ್ನ ಪೆನ್ನು ಕೆಳಗಿನ ಕೊಕ್ಕೆ ಮುಗಿಸಿ ಮೇಲೆದ್ದಿರುತ್ತದೆ, ಗೆರೆ ಇನ್ನೂ ಅರ್ಧದಾರಿಯಲ್ಲಿ ಇಳಿಯುತ್ತಿರುತ್ತದೆ. ಮುಂದಿನ ಪದ ಬರೆಯಬೇಕಾದರೆ ಅದು ಬರುವವರೆಗೆ ಕಾಯಬೇಕು. ಆ ಕಡೆಯಿಂದ ಹುಡುಗಿಯೊಬ್ಬಳು, "ಮಿಸ್, ನೀವು ಎಕ್ಸ್ ಸ್ಕ್ವೇರ್ ಅಂದು ಎಷ್ಟೋ ಹೊತ್ತಾದ ಮೇಲೆ ನಮಗೆ ಸ್ಕ್ವೇರ್ ಕಾಣ್ತಿದೆ" ಅಂದಳು. ಮಾತು ಮುಂದೆ, ಬರಹ ಹಿಂದೆ ಆದರೆ ಮಗು ಯಾವುದನ್ನು ಹಿಡಿದುಕೊಳ್ಳಬೇಕು?

ಟಾಸ್ಕ್ ಮ್ಯಾನೇಜರ್ ತೆರೆದರೆ ಕಾರಣ ಕಣ್ಣಿಗೆ ಕಾಣುತ್ತದೆ. ಮೆಮೊರಿ 90 ಶೇಕಡ ದಾಟಿರುತ್ತದೆ, ಡಿಸ್ಕ್ 100ಕ್ಕೆ ಅಂಟಿಕೊಂಡಿರುತ್ತದೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಸ್ಟೋರೇಜನ್ನೇ ರ‍್ಯಾಮ್ ಥರ ಬಳಸಲು ನೋಡುತ್ತದೆ. ಆ ಸ್ಟೋರೇಜ್ ಇಎಂಎಂಸಿ. ಅದರ 5.1 ಆವೃತ್ತಿಯ ಮಿತಿಯೇ ಸೆಕೆಂಡಿಗೆ 400 ಎಂಬಿ. ಎನ್‌ವಿಎಂಇ ಅನ್ನುವ ವೇಗದ ಬಗೆಯ ಸಾಧಾರಣ ಎಸ್‌ಎಸ್‌ಡಿಯೂ ಸುಲಭವಾಗಿ 2,000 ಎಂಬಿ ದಾಟುತ್ತದೆ. ಎನ್4020 ಪ್ರೊಸೆಸರ್‌ನಲ್ಲಿ ಇರುವುದು ಎರಡೇ ಕೋರ್ (ಕೆಲಸ ಮಾಡುವ ಘಟಕ), ಐ3-1215ಯುನಲ್ಲಿ ಆರು. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಅಂದರೆ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಮಟ್ಟ. ಆನ್ ಆಗಲು ಅಷ್ಟು ಸಾಕು, ಪಾಠ ಹೇಳಲು ಸಾಲದು. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಜಾಗ ಖಾಲಿ ಮಾಡಿಕೊಡುವ ಕೆಲಸವೂ ನಮ್ಮದೇ. ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುವುದರಿಂದ ಆಮೇಲೆ ಹೆಚ್ಚಿಸೋಣ ಅನ್ನುವ ಮಾತೂ ಇಲ್ಲ.

ನಮ್ಮೂರ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ಇದು. ಫ್ಯಾನ್ ಇಲ್ಲದ ಮಷಿನ್ ಬಿಸಿಯಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮಧ್ಯಾಹ್ನದ ರಿವಿಷನ್ ಕ್ಲಾಸ್‌ನಲ್ಲಿ ಅಂಗೈ ಕೆಳಗೆ ಪರದೆಯ ಕಾವು ತಾಗುತ್ತಿತ್ತು, ಗೆರೆ ಇನ್ನಷ್ಟು ಹಿಂದೆ ಬೀಳುತ್ತಿತ್ತು.

ಸಾದಾ ಲ್ಯಾಪ್‌ಟಾಪ್‌ನಲ್ಲಿ ಇದಾವುದೂ ಇಲ್ಲ. ಮೀಟ್, ಪಿಡಿಎಫ್, ವೈಟ್‌ಬೋರ್ಡ್ ಮೂರನ್ನೂ ಒಟ್ಟಿಗೆ ತೆರೆದಿಟ್ಟರೂ ಗೆರೆ ಪೆನ್ನಿನ ಜೊತೆಗೇ ಓಡುತ್ತದೆ. ಕೀಬೋರ್ಡ್ ದೊಡ್ಡದು. ಕನ್ನಡ ಮೀಡಿಯಂ ಮಕ್ಕಳಿಗೆ ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗ ಬೆರಳಿಗೆ ಬೆರಳು ತಾಗುವುದಿಲ್ಲ. ಪರದೆಗೆ ಹೊಳಪಿಲ್ಲ, ಹಿಂದಿನ ಟ್ಯೂಬ್‌ಲೈಟ್ ಅದರಲ್ಲಿ ಕಾಣುವುದಿಲ್ಲ. ಫ್ಯಾನ್ ಸದ್ದು ಮಾತ್ರ ಇದೆ. ಕಾಲರ್ ಮೈಕ್ ಹಾಕಿಕೊಂಡರೆ ಆಯಿತು.

ಪೆನ್ ಟ್ಯಾಬ್ಲೆಟ್ ಕಲಿಯಲು ಸ್ವಲ್ಪ ತಾಳ್ಮೆ ಬೇಕು. ಕೈ ಮೇಜಿನ ಮೇಲೆ, ಕಣ್ಣು ಪರದೆ ಮೇಲೆ. ಅಂಕಿ, ಸೂತ್ರ ಬೇಗ ಕೂರುತ್ತವೆ. ಕನ್ನಡ ಅಕ್ಷರದ ಒತ್ತುಗಳೇ ಕಷ್ಟ. 'ಸೂತ್ರ' ಅಂತ ಬರೆಯಲು ಹೋದರೆ ಒತ್ತು ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂರುತ್ತಿತ್ತು. ಬರೆಯುತ್ತ ಬರೆಯುತ್ತ ಕೈ ಪಳಗಿತು. ಈಗ ನನ್ನ ಎಲ್ಲ ಕ್ಲಾಸೂ ಇದರಲ್ಲೇ. ಕನ್ವರ್ಟಿಬಲ್ ಮನೆಯಲ್ಲಿ ಅಮ್ಮ ವಿಡಿಯೋ ನೋಡಲು ಇದೆ. ಟೆಂಟ್ ಥರ ನಿಲ್ಲಿಸಿಟ್ಟರೆ ಆ ಕೆಲಸಕ್ಕೆ ಅದು ಚೆನ್ನ.

ಇಷ್ಟು ಹೇಳಿದೆ ಅಂತ ಮಡಚುವ ಲ್ಯಾಪ್‌ಟಾಪೇ ಬೇಡ ಅನ್ನುತ್ತಿಲ್ಲ. ಕೊಪ್ಪಳದಲ್ಲಿ ಪಾಠ ಹೇಳುವ ಗೆಳತಿಯ ಬಳಿ 14 ಇಂಚಿನದು ಇದೆ, ಐ3, 8 ಜಿಬಿ, ಎಸ್‌ಎಸ್‌ಡಿ ಇರುವುದು. ಅದರಲ್ಲಿ ಒಂದು ಕ್ಲಾಸ್ ತಗೊಂಡು ನೋಡಿದೆ. ಪೆನ್ನೂ ಗೆರೆಯೂ ಒಟ್ಟಿಗೇ ಸಾಗಿದವು. ಪೆನ್ ಟ್ಯಾಬ್ಲೆಟ್‌ಗಿಂತ ಅದೇ ಮೇಲು, ಅನುಮಾನವೇ ಇಲ್ಲ. ಆಫರ್‌ನಲ್ಲಿ ಅವಳಿಗೆ 45,000 ರೂಪಾಯಿ ಆಸುಪಾಸು ಬಿದ್ದಿದೆ. ದಿನವೂ ಬರೆಯುವವರಿಗೆ ಆ ಹೆಚ್ಚಿನ ದುಡ್ಡು ದಂಡ ಅಲ್ಲ. ವಾರಕ್ಕೊಮ್ಮೆ ಬರೆಯುವವರಿಗೆ ಸಾದಾದ್ದೇ ಸಾಕು.

ತಗೊಳ್ಳುವವರು ಶೇಕಡ ಎಷ್ಟು ರಿಯಾಯಿತಿ ಅಂತ ನೋಡಬೇಡಿ. ಆ ಲೆಕ್ಕ ಎಂಆರ್‌ಪಿ ಮೇಲಿನದು, ಆ ಬೆಲೆಗೆ ಯಾರೂ ಕೊಳ್ಳುವುದೇ ಇಲ್ಲ. ಪೆನ್ನು ಡಬ್ಬಿಯಲ್ಲೇ ಬರುತ್ತದಾ ಕೇಳಿ. ಬೇರೆ ಕೊಳ್ಳಬೇಕು ಅಂದರೆ ಆ ಮಷಿನ್‌ಗೆ ಹೊಂದುವ ಆಕ್ಟಿವ್ ಪೆನ್ನೇ (ಪರದೆ ಬೆರಳಿನಿಂದ ಬೇರೆ ಅಂತ ಗುರುತಿಸುವ ಎಲೆಕ್ಟ್ರಾನಿಕ್ ಪೆನ್ನು) ಬೇಕು. ರಬ್ಬರ್ ತುದಿಯ ಅಗ್ಗದ ಪೆನ್ನಲ್ಲಿ ಬರೆದರೆ ಅಂಗೈ ತಾಗಿದ ಕಡೆಯೂ ಗೀಟು ಬೀಳುತ್ತದೆ. ಟಚ್ ಪರದೆ ಒಡೆದರೆ ಗಾಜು, ಡಿಸ್‌ಪ್ಲೇ ಎರಡನ್ನೂ ಸೇರಿಸಿ ಬದಲಿಸುವುದೇ ಹೆಚ್ಚು, ಸಾದಾ ಪರದೆಗಿಂತ ಖರ್ಚು ಜಾಸ್ತಿ. ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಪಿನ್‌ಕೋಡ್‌ಗೆ ಇದೆಯಾ ಅಂತ ದುಡ್ಡು ಕಟ್ಟುವ ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಒಂದು ಪರದೆಗಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಿ, ಅಷ್ಟು ದಿನ ಕ್ಲಾಸ್ ನಿಲ್ಲಿಸಬೇಕಾಗುತ್ತದೆ.