ಜನರ ಸಭೆ: ಐರ್ಲೆಂಡ್ ದಾರಿಯೋ, ಫ್ರಾನ್ಸ್ ದಾರಿಯೋ?

ನೀತಿ ರೂಪಿಸಲು ಸಾಮಾನ್ಯ ಜನರನ್ನು ಕೂರಿಸಬೇಕು ಅಂತಿದ್ದರೆ ಈ ಎರಡನ್ನು ನೋಡಿ.

ಐರ್ಲೆಂಡ್ 2016ರಲ್ಲಿ 99 ಜನರನ್ನು ಸೇರಿಸಿತು. ಮೊದಲ ವಿಷಯ ಗರ್ಭಪಾತದ ಕಾನೂನು. ವಾರಾಂತ್ಯಗಳಲ್ಲಿ ವೈದ್ಯರು, ವಕೀಲರ ಮಾತು ಕೇಳಿದರು, ಸಣ್ಣ ಗುಂಪುಗಳಲ್ಲಿ ಚರ್ಚಿಸಿದರು, ಕೊನೆಗೆ ಮತ ಹಾಕಿದರು. ಶಿಫಾರಸು ಸಂಸತ್ತಿನ ಸಮಿತಿಗೆ ಹೋಯಿತು. 2018ರ ಜನಮತಗಣನೆಯಲ್ಲಿ ಶೇ 66.4ರಷ್ಟು ಮತ ಗರ್ಭಪಾತದ ಮೇಲಿನ ಸಂವಿಧಾನದ ನಿರ್ಬಂಧ ತೆಗೆಯುವ ಬದಲಾವಣೆಯ ಪರ ಬಿತ್ತು.

ಫ್ರಾನ್ಸ್ 2019ರಲ್ಲಿ ಹವಾಮಾನ ಬದಲಾವಣೆಗೆ ಏನು ಮಾಡಬೇಕು ಅಂತ ಹೇಳಲು 150 ಜನರನ್ನು ಕರೆಯಿತು. 149 ಸಲಹೆ ಬಂದವು. ಸೋಸದೆ ಮುಂದೆ ಕಳಿಸುತ್ತೇನೆ ಎಂದಿದ್ದ ಅಧ್ಯಕ್ಷ ಮ್ಯಾಕ್ರಾನ್ ಮೂರನ್ನು ಅಲ್ಲೇ ಕೈಬಿಟ್ಟರು. ಹಲವು ಸಲಹೆಗಳು ಕಾನೂನಾಗುವಾಗ ಸಪ್ಪೆಯಾದವು. ಬಂದವರಿಗೆ ಸಿಟ್ಟು ಬರದೇ ಇರುತ್ತಾ?

ಹೌದು-ಇಲ್ಲ ಎನ್ನುವ ಒಂದೇ ಪ್ರಶ್ನೆಗೆ ಐರ್ಲೆಂಡ್ ದಾರಿಯೇ ವಾಸಿ. ವಿಷಯ ಹರಡಿಕೊಂಡಿದ್ದರೆ ಫ್ರಾನ್ಸ್‌ನದು. ಆದರೆ ಸಭೆ ಕೊಡುವ ವರದಿಗೆ ಯಾರು, ಯಾವಾಗ ಉತ್ತರ ಕೊಡಬೇಕು ಅಂತ ಮೊದಲೇ ಬರೆದಿಡಿ.